ದಿನಕ್ಕೊಂದು ಕನಸು, ಕನಸಿಗೊಂದು ಚೀಟಿ

"ಈ ಹೋತಕ್ಕೂ ನಾಟಕದಲ್ಲಿ ಪಾರ್ಟ್ ಇದೆಯೇನ್ರೀ?"

ಗೆರ್ದಾ ತಲೆಯೆತ್ತಿ ನೋಡಿದಳು. ಎದುರಿಗೆ ನಿಂತವನ ಮೊಣಕೈವರೆಗೂ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಮುಖದ ತುಂಬ ತುಂಟ ನಗು ಬೇರೆ!

"ಪಾರ್ಟ್ ಇಲ್ಲ, ಅದು ಬಹುಮಾನ. ಚೀಟಿಗೆ ಇನ್ನೂರೈವತ್ತು ಗೂರ್ದ್. ಬೇಕಿದ್ರೆ ತಗೊಳ್ಳಿ, ಇಲ್ದಿದ್ರೆ ದಾರಿ ಬಿಡಿ."

ಬೆಳಗ್ಗೆಯಿಂದ ಜಕ್ಮೆಲ್ ಸಂತೆಯ ಬಾಗಿಲಲ್ಲಿ ನಿಂತು ಅವಳ ಗಂಟಲು ಒಣಗಿತ್ತು. ತಾನೇ ಬರೆದ 'ಕಡಲು ಹೊತ್ತವಳು' ನಾಟಕವನ್ನು ಹೈಟಿಯ ಈ ದಕ್ಷಿಣ ತುದಿಯಿಂದ ಉತ್ತರದ ಕ್ಯಾಪ್ ಪಟ್ಟಣದವರೆಗೆ, ಏಳು ಊರುಗಳಿಗೆ ಒಯ್ಯಬೇಕು. ಶನಿವಾರದೊಳಗೆ ಮುಂಗಡ ಕೊಡದಿದ್ದರೆ ಟ್ರಕ್ಕು ಸಿಮೆಂಟ್ ವ್ಯಾಪಾರಿಯ ಪಾಲು. ಅದಕ್ಕೇ ಈ ಲಾಟರಿ. ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಚೀಟಿ. ಗೆದ್ದವರಿಗೆ ಉದ್ದ ಗಡ್ಡದ ಹೋತ. ತಂಡದವರು ಅದಕ್ಕೆ 'ಸೆನೆಟರ್' ಎಂದು ಹೆಸರಿಟ್ಟಿದ್ದರು.

"ಯಾವ ನಂಬರ್?"

"ರಾತ್ರಿ ಒಂದು ಕನಸು ಬಿತ್ತು. ಒಬ್ಬಳು ಹೆಂಗಸು ಬುಟ್ಟೀಲಿ ಸಮುದ್ರ ತುಂಬ್ಕೊಂಡು ಬೆಟ್ಟ ಹತ್ತುತಾ ಇದ್ಲು. ಪುಸ್ತಕ ನೋಡಿ ಹೇಳಿ, ಸಮುದ್ರಕ್ಕೆ ಎಷ್ಟು?"

ಲಾಟರಿ ಆಡುವವರೆಲ್ಲ ಅಲ್ಲಿ ಕನಸು ನೋಡಿಯೇ ನಂಬರ್ ಹಿಡಿಯುವುದು. ಯಾವ ಕನಸಿಗೆ ಯಾವ ನಂಬರ್ ಎಂದು ತಿಳಿಸುವ ಪುಸ್ತಕ ಗೆರ್ದಾಳ ಕೈಯಲ್ಲೂ ಇತ್ತು. ಆದರೆ ಅವಳು ಅದನ್ನು ತೆರೆಯುವುದನ್ನೇ ಮರೆತಳು.

ಇದು ನನ್ನ ನಾಟಕದ ಮೊದಲ ದೃಶ್ಯ! ತಂಡದ ಹೊರಗೆ ಇನ್ನೂ ಯಾರಿಗೂ ತೋರಿಸಿಲ್ಲ... ಇವನಿಗೆ ಹೇಗೆ ಗೊತ್ತು?

ಕೇಳುವಷ್ಟರಲ್ಲಿ ಅವನು ಚೀಟಿ ಹಿಡಿದು ಹೊರಟೇ ಹೋಗಿದ್ದ.

ಮಂಗಳವಾರ ಮತ್ತೆ ಬಂದ. ಈ ಸಲದ ಕನಸಿನಲ್ಲಿ ಬುಟ್ಟಿಯೊಳಗಿನ ಮೀನುಗಳು ದಾರಿಯುದ್ದಕ್ಕೂ ಅವಳಿಗೆ ಬುದ್ಧಿ ಹೇಳುತ್ತಿದ್ದವಂತೆ. ಅದು ಎರಡನೇ ದೃಶ್ಯ! ಸುತ್ತ ನಿಂತ ಜನ ಬಾಯಿ ಬಿಟ್ಟುಕೊಂಡು ಕೇಳಿದರು.

"ಆಮೇಲೇನಾಯ್ತಪ್ಪಾ?"

"ನಾಳೆ ಬನ್ನಿ. ಇನ್ನೊಂದು ನಿದ್ದೆ ಮಾಡ್ಬೇಕಲ್ವಾ!"

ಜನ ನಕ್ಕು ಚೀಟಿ ಕೊಂಡರು. ಗೆರ್ದಾಳಿಗೆ ಮಾತ್ರ ಒಳಗೊಳಗೇ ಕಸಿವಿಸಿ. ಹೋದ ವರ್ಷ ಇನ್ನೊಂದು ಊರಿನ ತಂಡ ಇವಳ ನಾಟಕವನ್ನು ಕದ್ದು, ಮೊದಲೇ ಆಡಿ ಹೆಸರು ಗಳಿಸಿತ್ತು. ಇವನೂ ಅವರ ಕಡೆಯವನೇ ಇರಬೇಕು...

ಆದರೂ ಬುಧವಾರ ಹತ್ತು ಗಂಟೆಯಾದರೂ ಅವನು ಕಾಣದಾಗ ಅವಳ ಕಣ್ಣು ಬೀದಿಯ ಕಡೆಗೇ!

ಬರದಿದ್ದರೆ ನನಗೇನು? ಹಾಳಾಗಿ ಹೋಗಲಿ!

ಬಂದ. ಉಪ್ಪು ಕದ್ದ ಆರೋಪಕ್ಕೆ ನ್ಯಾಯಾಧೀಶನು ಸಮುದ್ರವನ್ನೇ ಕಟಕಟೆಗೆ ಕರೆದ ಕನಸು ಹೇಳಿದ. ಗೆರ್ದಾ ಆ ದೃಶ್ಯವನ್ನು ಹೊಸದಾಗಿ ಬರೆದು ತಾಲೀಮು ಮಾಡಿಸಿದ್ದೇ ಹಿಂದಿನ ಸಂಜೆ. ಅವಳ ತಾಳ್ಮೆ ಹಾರಿಹೋಯಿತು.

"ಕಳ್ಳ! ಯಾರು ಕಳಿಸಿದ್ದು ನಿನ್ನನ್ನ? ಎಷ್ಟು ಕೊಟ್ರು?"

ಅವನ ನಗು ಆರಿಹೋಯಿತು. ಅಷ್ಟೂ ಜನರ ಮುಖ ನೋಡಿ, ತಲೆ ತಗ್ಗಿಸಿ ಹೊರಟ.

ಗುರುವಾರ ಒಂದೇ ಒಂದು ಚೀಟಿ ಹೋಗಲಿಲ್ಲ.

"ಕನಸಿನವನೆಲ್ಲಿ?" ಎಂದು ಕೇಳಿ ಜನ ಹಾಗೇ ಮುಂದೆ ಹೋದರು. ಪಕ್ಕದಲ್ಲಿ ಬಾಳೆಕಾಯಿ ಕರಿಯುತ್ತಿದ್ದ ಮಾನ್ ಅನಿತ್ ಸೌಟು ಕುಟ್ಟಿದಳು. ಅವಳು ತಂಡದ ಹಿರಿಯ ನಟಿ, ಬಾಯಿ ಸ್ವಲ್ಪ ಜೋರು.

"ಮಹಾರಾಣಿಗೆ ಈಗ ಸಮಾಧಾನವಾಯ್ತಾ? ಅವನು ರೊನೆಲ್ ಕಣೇ, ಮುಖವಾಡ ಮಾಡೋನು. ನಾವು ತಾಲೀಮು ಮಾಡೋ ಕಾಫಿ ಗೋದಾಮಿನ ಗೋಡೆಗೆ ಅಂಟ್ಕೊಂಡೇ ಅವನ ಅಂಗಡಿ ಇರೋದು!"

"ಹಾಗಾದ್ರೆ... ಗೋಡೆಗೆ ಕಿವಿ ಇಟ್ಟು ಕೇಳ್ತಿದ್ನಾ?"

"ಕಿವಿ ಯಾಕೆ ಇಡ್ಬೇಕು? ನೀನು ಡೈಲಾಗ್ ಹೊಡೆದ್ರೆ ಬಂದರಿನ ಹಡಗಿಗೂ ಕೇಳ್ಸತ್ತೆ!"

ಗೆರ್ದಾಳಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೆನೆಟರನ ಹಗ್ಗವನ್ನು ಮಾನ್ ಅನಿತ್ ಕೈಗೆ ತುರುಕಿ ಓಡಿದಳು.

ಅಂಗಡಿಯ ತುಂಬ ಕಾಗದದ ಮುಖವಾಡಗಳು ತೂಗಾಡುತ್ತಿದ್ದವು. ಹುಲಿ, ಗಿಳಿ, ದೆವ್ವ... ಮೂಲೆಯಲ್ಲೊಂದು ನೀಲಿ ಹೆಣ್ಣುಮುಖ. ಅದರ ಕಣ್ಣುಗಳ ಬಣ್ಣ ಇನ್ನೂ ಹಸಿಯಾಗಿತ್ತು. ಥೇಟ್ ಅವಳದೇ ಕಣ್ಣು!

"ಮೂರು ತಿಂಗಳಿಂದ ಕಣ್ಣಿಲ್ದೇ ಕೂತಿತ್ತು," ಎಂದ ರೊನೆಲ್ ಮೆಲ್ಲಗೆ. "ಗೋಡೆಯಾಚೆ ದನಿ ಮಾತ್ರ ಕೇಳ್ತಿತ್ತಲ್ಲ. ಸೋಮವಾರ ಸಂತೇಲಿ ಅದೇ ದನಿ... ಹೋತ ಮಾರ್ತಾ ಇತ್ತು! ಏನು ಮಾತಾಡ್ಬೇಕೋ ತೋಚ್ಲಿಲ್ಲ. ಕನಸು ಅಂತ ಸುಳ್ಳು ಹೇಳ್ಬಿಟ್ಟೆ. ತಪ್ಪಾಯ್ತು."

ಗೆರ್ದಾಳ ಕಣ್ಣು ತುಂಬಿತು.

"ತಪ್ಪು ನಂದು. ಎಲ್ಲರೆದುರು ಬಾಯಿಗೆ ಬಂದ ಹಾಗೆ ಬೈದೆ..."

"ಅದೂ ಚೆನ್ನಾಗಿತ್ತು. ಮುಂದಿನ ಸಾಲಲ್ಲಿ ನಿಂತು ಕೇಳಿದ್ದು ಅದೇ ಮೊದಲು!"

ಅಳು ಬರುತ್ತಿದ್ದವಳಿಗೆ ನಗು ಬಂತು.

"ನಾಳೆ ಬರ್ತೀರಾ? ಇನ್ನೂ ಮೂವತ್ತೊಂಬತ್ತು ಚೀಟಿ ಇದೆ."

"ಬರ್ತೀನಿ. ಆದ್ರೆ ನಾಳೆಯ ಕನಸು ನಾಟಕದ್ದಲ್ಲ."

ಶುಕ್ರವಾರ ಸಂತೆಗೆ ಸಂತೆಯೇ ಹೋತದ ಸುತ್ತ ನೆರೆದಿತ್ತು.

"ಕಡಲು ಹೊತ್ತವಳು ಏನಾದ್ಲು ಹೇಳಯ್ಯಾ!"

"ಕೊನೆ ನಂಗೂ ಗೊತ್ತಿಲ್ಲ," ಎಂದ ರೊನೆಲ್, ಗೆರ್ದಾಳತ್ತ ಕಣ್ಣು ಮಿಟುಕಿಸಿ.

"ಟ್ರಕ್ಕು ಹತ್ತೋ ಮುಂಚೆ ಮೊದಲ ಆಟ ಇಲ್ಲೇ, ನಿಮ್ಮೆದುರಿಗೇ!" ಗೆರ್ದಾ ಕೂಗಿದಳು. "ಆದ್ರೆ ಚೀಟಿ ಖರ್ಚಾಗದಿದ್ರೆ ಟ್ರಕ್ಕೂ ಇಲ್ಲ, ಆಟವೂ ಇಲ್ಲ!"

ಚೀಟಿಗಳು ಬಿಸಿ ಬಾಳೆಕಾಯಿಯಂತೆ ಖರ್ಚಾದವು. ಕೊನೆಗೆ ಒಂದೇ ಒಂದು ಉಳಿಯಿತು. ರೊನೆಲ್ ಮುಂದೆ ಬಂದ.

"ಕನಸಲ್ಲಿ ಒಂದು ಟ್ರಕ್ಕು. ಕ್ಯಾಪ್ ಕಡೆ ಹೊರಟಿದೆ. ಬಣ್ಣದ ಕೈಯೋನೊಬ್ಬ ಮುಖವಾಡದ ಮೂಟೆ ಹಿಡ್ಕೊಂಡು ಕೂತಿದಾನೆ. ಪಕ್ಕದಲ್ಲಿ ಒಬ್ಳು, ದಾರಿಯುದ್ದಕ್ಕೂ ಅವನನ್ನ ಬೈತಾನೇ ಇದಾಳೆ. ಅವನಿಗೋ... ಊರು ಬರೋದೇ ಬೇಡ ಅನ್ನಿಸ್ತಿದೆ. ಇದಕ್ಕೆ ನಂಬರ್ ಎಷ್ಟು, ಗೆರ್ದಾ?"

ಗೆರ್ದಾ ಪುಸ್ತಕ ಮುಚ್ಚಿದಳು.

"ನಿಂಗೆ ಚೀಟಿ ಕೊಡಲ್ಲ."

"ಅಯ್ಯೋ! ಹಾಗಾದ್ರೆ ನಂಗೆ ಕೊಡೇ, ಟ್ರಕ್ಕು ಹೊರಡ್ಲಿ!" ಮಾನ್ ಅನಿತ್ ಚೀಟಿ ಕಿತ್ತುಕೊಂಡು ದುಡ್ಡು ಎಸೆದಳು. ಮರುದಿನ ಚೀಟಿ ಎತ್ತಿದಾಗ ಸೆನೆಟರ್ ಊರಿನ ಪಾದ್ರಿಗಳ ಪಾಲಾದದ್ದು ಬೇರೆ ಮಾತು.

ರೊನೆಲ್‌ನ ಮುಖ ಬಾಡಿತ್ತು.

"ಯಾಕೆ ಕೊಡಲ್ಲ?"

"ಚೀಟಿ ಅಂದ್ರೆ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ." ಅವಳ ದನಿ, ಬಂದರಿಗೂ ಕೇಳಿಸುವ ಆ ದನಿ, ಈಗ ಅವನೊಬ್ಬನಿಗೇ ಕೇಳುವಷ್ಟು ಸಣ್ಣಗಾಗಿತ್ತು. "ನೀನು ಬರಲೇಬೇಕು. ನನ್ನ ಪಕ್ಕದಲ್ಲೇ ಕೂರ್ಬೇಕು."

"ಕ್ಯಾಪ್ ತನಕನಾ?"

"ಅಲ್ಲಿಂದ ಮುಂದಕ್ಕೂ ಕಣೋ... ಬೈಸ್ಕೊಂಡು!"