ಹೆಬ್ಬೆಟ್ಟಿಗೂ ಬರುವ ಆಟ

ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಹೆಬ್ಬೆರಳು ತನ್ನದೇ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅದರ ಕೆಳಗೆ ಏನು ಬರೆದಿದೆ ಎಂಬುದು ಮಾತ್ರ ಒಂದು ವರ್ಷ ಗೊತ್ತಿರಲಿಲ್ಲ.

ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವೊಂದನ್ನು ಆ ಕಂಪನಿಯವರು ಆರು ವರ್ಷದಿಂದ ತಯಾರಿಸುತ್ತಿದ್ದರು, ಇನ್ನೂ ಮಾರಾಟಕ್ಕೆ ಬಿಟ್ಟಿರಲಿಲ್ಲ. ಆರು ವರ್ಷವೂ ಅಲ್ಲಿಯ ನೆಲ, ಮೇಜು, ಕಕ್ಕಸು ಒರೆಸಿದವಳು ಅವಳು. ದಿನವಿಡೀ ಆಡಿ ತಪ್ಪು ಹುಡುಕುವ ಪರೀಕ್ಷಕರು ಆಡುತ್ತಲೇ ತಿನ್ನುತ್ತಿದ್ದರು, ತಿನ್ನುತ್ತಲೇ ಮೂಗು ಕೆರೆಯುತ್ತಿದ್ದರು. ಜಾಯ್‌ಸ್ಟಿಕ್ಕಿನ ಗುಂಡಿಗಳ ಸಂದಿಗೆ ಕಡ್ಡಿ ಹಾಕಿ ಜಿಡ್ಡನ್ನೂ ಕಚ್ಚಿ ಉಗಿದ ಉಗುರಿನ ಚೂರನ್ನೂ ಕೆದಕಿ ತೆಗೆಯುವುದು ಅವಳ ಪಾಲಿಗಿತ್ತು. ಮುಖ್ಯಸ್ಥನಂತೂ ಅವರಿಗೆಲ್ಲ ಅಪ್ಪ. ಬೇಸಿನ್ನಿಗೆ ಕ್ಯಾಕರಿಸಿ ಉಗಿದು, ನೀರನ್ನೂ ಬಿಡದೆ, "ಹೆಬ್ಬೆಟ್ಟಕ್ಕ ಇದ್ದಾಳಲ್ಲ" ಎಂದು ಹೊರಟುಬಿಡುತ್ತಿದ್ದ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವವಳಿಗೆ ಅವನೇ ಇಟ್ಟ ಹೆಸರು ಅದು.

ಒಂದು ದಿನ ಅವಳನ್ನು ದೀಪಗಳ ಮುಂದೆ ಕೂರಿಸಿ, ಗುಂಡಿ ಒತ್ತಿಸಿ, ಬೆರಳಿನ ಫೋಟೋ ತೆಗೆದರು.

"ಇದರ ಕೆಳಗೆ ಏನಂತ ಬರೀತೀರಿ ಸಾರ್?"

"ತಾಯಿಯ ಸ್ಪರ್ಶ ಅಂತ ಕಣಕ್ಕ," ಎಂದ ಮುಖ್ಯಸ್ಥ. ಪರೀಕ್ಷಕರು ಕಿಸಕ್ಕೆಂದರು.

ಅವರು ಯಾಕೆ ನಕ್ಕರೆಂದು ತಿಳಿಯಲೆಂದೇ ಅವಳು ಎರಡು ಸ್ಟಾಪ್ ಆಚೆ ನಡೆಯುತ್ತಿದ್ದ ಸಂಜೆ ಶಾಲೆಗೆ ಸೇರಿದಳು. ಯಾರಿಗೂ ಹೇಳಲಿಲ್ಲ. ಒಟ್ಟಿಗೆ ಬದುಕುತ್ತಿದ್ದ ತಂಗಿಗೆ ಕೂಡ ಇನ್ನೊಂದು ಮನೆಗೆಲಸ ಹಿಡಿದಿದ್ದೇನೆ ಎಂದಳು.

"ಅದೆಂಥಾ ಮನೆ ಅಕ್ಕಾ? ಪಾತ್ರೆ ತೊಳೆದ್ರೆ ಕೈಗೆ ಸೀಮೆಸುಣ್ಣ ಮೆತ್ಕೊಳ್ಳುತ್ತಾ?"

"ಗೋಡೆಗೆ ಸುಣ್ಣ ಬಳೀತಿದ್ದಾರೆ. ನಿನಗ್ಯಾಕೆ ಅಧಿಕಪ್ರಸಂಗ, ಬಡಿಸು."

ವರ್ಷ ತುಂಬುವ ಹೊತ್ತಿಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಆ ಪೆಟ್ಟಿಗೆಯನ್ನು ಓದಿದಳು. 'ಹೆಬ್ಬೆಟ್ಟಿಗೂ ಬರುವ ಆಟ!' ತನ್ನ ಬಾಳಿನಲ್ಲಿ ಯಾರ ನೆರವೂ ಇಲ್ಲದೆ ಓದಿದ ಮೊದಲ ಸಾಲು. ಉಗುಳು ತುಂಬಿದ ಬೇಸಿನ್ನಿನಲ್ಲಿ ಯಾರೋ ಕತ್ತು ಹಿಡಿದು ಮುಖ ಅದ್ದಿದಂತಾಯಿತು. ಆದರೂ ಓದಿದೆನೆಂದು ಬಾಯಿ ಬಿಡಲಿಲ್ಲ. ಮರುದಿನವೂ ಹಾಜರಿಗೆ ಹೆಬ್ಬೆಟ್ಟೇ ಒತ್ತಿದಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದವರು, ಬಿಡುಗಡೆಗೆ ಮೂರು ವಾರವಿದೆ ಎನ್ನುವಾಗ ಕೂಸೇ ಬೇಡವೆಂದರು. ಮಾಡಿದರೆ ನಷ್ಟವೆಂದು ಮೇಲಿನವರು ಯಂತ್ರವನ್ನೇ ರದ್ದು ಮಾಡಿದರು. ಒಂದನ್ನೂ ಉಳಿಸದೆ ಗುಜರಿಯ ಪ್ರೆಸ್ಸಿಗೆ ಕೊಟ್ಟು ಅಪ್ಪಚ್ಚಿ ಮಾಡಿಸಿ ಎಂದು ಆಜ್ಞೆ ಬಂತು. ಭಾನುವಾರ ಅವಳು ಗುಡಿಸಿ ಬರುತ್ತಿದ್ದ ಹಳೆ ಆಟದ ಸಾಮಾನಿನ ಅಂಗಡಿಯಾತ ಅದನ್ನು ಕೇಳಿ ನಿಟ್ಟುಸಿರಿಟ್ಟ. "ಮಾರಾಟ ಆದ ಯಂತ್ರದ ಬೆಲೆ ಒಂದು ಅಕ್ಕ. ಹುಟ್ಟೋಕೆ ಮುಂಚೆ ಸತ್ತಿದ್ದಕ್ಕೆ ಸಂಗ್ರಹ ಮಾಡೋರು ಕೊಡೋ ಬೆಲೆಯೇ ಬೇರೆ. ಒಂದು ಸಿಕ್ಕಿದ್ರೆ, ತಂದುಕೊಟ್ಟವರು ಬದುಕಿರೋವರೆಗೆ ಕೂತು ಉಣ್ಣಬಹುದು." ಅವಳು ಪೊರಕೆ ನಿಲ್ಲಿಸಲಿಲ್ಲ. ಕೂತು ಉಣ್ಣುವ ಆಸೆ ಅವಳಿಗಿರಲಿಲ್ಲ. ಇನ್ನೊಬ್ಬರ ಉಗುಳು ಮುಟ್ಟದೆ ಉಂಡರೆ ಸಾಕಿತ್ತು.

ಉಗ್ರಾಣದಲ್ಲಿ ನಲವತ್ತು ಪೆಟ್ಟಿಗೆ. ಹೊರಗಿನಿಂದ ಎಲ್ಲ ಒಂದೇ. ಆರರಲ್ಲಿ ಮಾತ್ರ ನಿಜವಾದ ಯಂತ್ರ. ಉಳಿದವು ಅಂಗಡಿಗಳಲ್ಲಿ ತೋರಿಸಲು ಮಾಡಿಸಿದ ಬರೀ ಕವಚ, ತೂಕಕ್ಕೆಂದು ಒಳಗೆ ಕಬ್ಬಿಣದ ತುಂಡು. ಎತ್ತಿ ನೋಡಿದರೂ ತಿಳಿಯದು. ಉಗ್ರಾಣದವನು ಬದಿಯಲ್ಲಿ ಅಂಟಿಸಿದ್ದ ಚೀಟಿಯೇ ಗುರುತು: 'ಜೀವ ಇದೆ', 'ಜೀವ ಇಲ್ಲ'. ಒಳಗೆ ಕ್ಯಾಮೆರಾ ಇರಲಿಲ್ಲ. ಯಂತ್ರದ ಗುಟ್ಟು ಹೊರಬೀಳಬಾರದೆಂದು ಮುಖ್ಯಸ್ಥನೇ ತೆಗೆಸಿದ್ದ.

ಅವಳ ಉಪಾಯವೆಲ್ಲ ಪರರ ಅಸಹ್ಯದ ಮೇಲೆ ನಿಂತಿತ್ತು. ತಮ್ಮದೇ ಹೊಲಸನ್ನು ಕಂಡರೆ ಮೂಗು ಮುಚ್ಚಿ ಓಡುವ ಜನ ಇವರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಕ್ಕಸು ತೊಳೆದ ಬಕೆಟ್ಟನ್ನು ಹಾಗೇ ತಂದು ಉಗ್ರಾಣದ ಬಾಗಿಲಲ್ಲಿ ಇಟ್ಟಳು. ಒರೆಸಲೆಂದು ಬೀಗ ತೆಗೆದುಕೊಟ್ಟ ಉಗ್ರಾಣದವನು ಕರವಸ್ತ್ರ ಹಿಡಿದು ಕಾರಿಡಾರಿನ ತುದಿಗೆ ಸರಿದ. "ಬೇಗ ಮುಗಿಸಕ್ಕಾ, ಕರುಳು ಬಾಯಿಗೆ ಬರ್ತಿದೆ!"

ಬೇಗ ಮುಗಿಸಿದಳು. 'ಜೀವ ಇದೆ' ಎಂದಿದ್ದ ಪೆಟ್ಟಿಗೆಯೊಂದನ್ನು ತೆರೆದು ಯಂತ್ರ ತೆಗೆದಳು. ಪರೀಕ್ಷಕರು ಮೇಜಿನಡಿ ಬಿಟ್ಟಿದ್ದ ಗಬ್ಬು ಸಾಕ್ಸು, ಮುರಿದ ಜಾಯ್‌ಸ್ಟಿಕ್ಕುಗಳನ್ನು ತುರುಕಿ ಮತ್ತೆ ಟೇಪು ಹಚ್ಚಿದಳು. ಕೈಗವಸು ಅವಳ ಕೈಯಲ್ಲಿ ದಿನವೂ ಇರುತ್ತಿತ್ತು, ಅದನ್ನು ಕೇಳುವವರಾರು? ಯಂತ್ರ ಎರಡು ಪ್ಲಾಸ್ಟಿಕ್ ಚೀಲದೊಳಗೆ, ಆ ಚೀಲ ಕಕ್ಕಸಿನ ಕಸದ ಮೂಟೆಯೊಳಗೆ. ಗೇಟಿನಲ್ಲಿ ಎಲ್ಲರ ಬ್ಯಾಗು ಬಗೆದು ನೋಡುವ ಕಾವಲುಗಾರ ಮೂಟೆಯನ್ನು ಕಂಡು ಎರಡು ಹೆಜ್ಜೆ ಹಿಂದೆ ಹೋದ. "ತೋರಿಸಲೇನಪ್ಪಾ?" ಎಂದು ಅವಳೇ ಗಂಟಿಗೆ ಕೈ ಹಾಕಿದಳು. "ನಿನ್ನ ಕಾಲಿಗೆ ಬೀಳ್ತೀನಿ, ಹೋಗಮ್ಮ ತಾಯಿ!"

ಅಂದು ಸಂಜೆಯೇ ಯಂತ್ರ ಮಂಚದ ಕೆಳಗಿನ ಹಳೆ ಕಂಬಳಿ ಸೇರಿತು.

ಕಳವು ಬಯಲಾದರೂ ಅವಳಿಗೆ ಭಯವಿರಲಿಲ್ಲ. ಬಯಲಾದರೇ ಲೇಸು, ಚೀಟಿ ಓದಬಲ್ಲವರು ಬೆವರಲಿ ಎನಿಸಿತ್ತು. ನಾಲ್ಕು ದಿನದ ಮೇಲೆ ಪ್ರೆಸ್ಸಿನ ಬಾಯಿಂದ ಸಾಕ್ಸು ಹೊರಬಿತ್ತು. ಪೊಲೀಸ್ ಅಧಿಕಾರಿ ಬಂದ. ನಲವತ್ತು ಪೆಟ್ಟಿಗೆಯಲ್ಲಿ ಒಂದನ್ನೇ ತೆರೆದಿದ್ದಾರೆ, ಅದೂ ಜೀವವಿದ್ದದ್ದನ್ನೇ. ಕಳ್ಳ ಚೀಟಿ ಓದಿದ್ದಾನೆ ಎಂದು ಆತ ಅರ್ಧ ಗಂಟೆಯಲ್ಲಿ ಹೇಳಿದ. ಸಾಕ್ಸು ನನ್ನದಲ್ಲ, ನಿನ್ನದು ಎಂದು ಪರೀಕ್ಷಕರು ಕಿತ್ತಾಡಿದರು. ಉಗ್ರಾಣದವನು ಅತ್ತೇಬಿಟ್ಟ. ಮುಖ್ಯಸ್ಥನ ಮೇಲ್ತುಟಿಯ ಬೆವರು ಬಾಯಿಗೆ ಇಳಿಯುತ್ತಿತ್ತು, ಅವನು ಅದನ್ನು ನೆಕ್ಕುತ್ತಿದ್ದ. ನೋಡಲಾರದೆ ಅವಳು ನೆಲ ಒರೆಸತೊಡಗಿದಳು.

"ಈಕೆ?" ಎಂದು ಅಧಿಕಾರಿ ಕೇಳಿದ.

"ಅಯ್ಯೋ ಬಿಡಿ ಸಾರ್, ಹೆಬ್ಬೆಟ್ಟು!" ಮುಖ್ಯಸ್ಥ ಪೆಟ್ಟಿಗೆಯನ್ನೇ ಎತ್ತಿ ತೋರಿಸಿದ. "ಅ ಆ ಕೂಡ ಬರಲ್ಲ. ನೋಡಿ, ಇದು ಇವಳದೇ ಬೆರಳು."

ಆರು ವರ್ಷದಲ್ಲಿ ಅವನು ಅವಳಿಗೆ ಮಾಡಿದ ಒಂದೇ ಉಪಕಾರ ಅದು.

ಉಗ್ರಾಣದೊಳಗೆ ಕಾಲಿಟ್ಟವರೆಲ್ಲರ ಹೇಳಿಕೆ ಬೇಕಿತ್ತು, ಅವಳದೂ. ದಣಿದಿದ್ದ ಅಧಿಕಾರಿ ಅವಸರದಲ್ಲಿ ಗೀಚಿ, ಓದಿ ಹೇಳಿ, ಮಸಿಯ ಡಬ್ಬಿ ಮುಂದಿಟ್ಟ. "ಸರಿ ಇದೆಯಲ್ಲ? ಇಲ್ಲಿ ಒತ್ತಿ ಮನೆಗೆ ಹೋಗಮ್ಮ." ಅವಳು ಹೆಬ್ಬೆರಳನ್ನು ಮಸಿಗೆ ಅದ್ದಿ, ಒತ್ತುವ ಜಾಗ ನೋಡಲು ಬಗ್ಗಿದಳು. ಅದರ ಮೇಲಿನ ಕೊನೆಯ ಸಾಲು ಹೀಗಿತ್ತು: 'ನನಗೆ ಓದು ಬರಹ ಗೊತಿಲ್ಲ.' ಇಂಥ ತಪ್ಪಿಗೆ ಸಂಜೆ ಶಾಲೆಯ ಮೇಷ್ಟ್ರು ಐವತ್ತು ಸಲ ಬರೆಸುತ್ತಿದ್ದರು. ಬೆರಳು ಕಾಗದದ ಮೇಲೆ ಅರ್ಧದಲ್ಲೇ ನಿಂತಿತು. "ಯಾಕಮ್ಮ, ಒತ್ತು," ಎಂದ ಅಧಿಕಾರಿ. "ಒತ್ತು ಬಿಟ್ಟೋಗಿದೆಯಲ್ಲ ಸಾರ್," ಎಂದಳು ಅವಳು, ಕೊಳೆ ಕಂಡಲ್ಲಿ ಕೈ ತಾನಾಗಿ ಬಟ್ಟೆ ಹಾಕುವಷ್ಟು ಸಹಜವಾಗಿ, "ಇಲ್ಲಿ, ಗೊತ್ತಿಲ್ಲ ಅನ್ನೋದರಲ್ಲಿ."