ಕಬೀಕಜನ ಚೀಟಿ

"ಪುಸ್ತಕ ಮುಟ್ಟು, ಒರೆಸು, ಪಟ್ಟಿ ಮಾಡು, ನಿನ್ನಿಷ್ಟ. ಒಳಗಿರೋ ಚೀಟಿ ಮಾತ್ರ ತೆಗೀಬೇಡ ಮಗಳೇ," ಎಂದ ಗ್ರಂಥಕೋಣೆ ಕಾಯುವ ಸಿದಾತಿ ತಾತ.

ಸಲ್ಕಾಗೆ ನಗು ಬಂತು. ಹಳೆಯ ಕಾಗದ ಕಾಪಾಡುವುದನ್ನು ರಾಜಧಾನಿ ನುವಾಕ್ಷೋತ್‌ನಲ್ಲಿ ಓದಿ ಬಂದವಳು ಅವಳು. ಮರುಭೂಮಿಯ ನಡುವಿನ ಹುಟ್ಟೂರಿನ ಈ ಮಣ್ಣುಗೋಡೆಯ ಗ್ರಂಥಕೋಣೆಗೆ ಕಾಲಿಟ್ಟು ಎರಡು ದಿನವಾಗಿತ್ತಷ್ಟೆ. ಪ್ರತಿ ಪುಸ್ತಕದ ಮೊದಲ ಹಾಳೆಗೂ ಒಂದೊಂದು ಕಂದು ಚೀಟಿ. ಎಲ್ಲದರಲ್ಲೂ ಒಂದೇ ಬರಹ: 'ಓ ಕಬೀಕಜ್!' ಅದರಡಿ ಇನ್ನೇನೋ ಅಕ್ಷರ ಮುಚ್ಚಿಹೋಗಿತ್ತು.

"ಯಾರು ತಾತ ಈ ಮಹಾಶಯ?"

"ಹುಳಗಳ ದೊರೆ. ಅವನ ಹೆಸರಿದ್ದ ಕಡೆ ಅವನ ಪ್ರಜೆಗಳು ಬಾಯಿ ಹಾಕಲ್ಲ."

"ಓಹೋ! ಹುಳಗಳು ಯಾವ ಶಾಲೇಲಿ ಓದು ಕಲಿತವು?"

ಮುದುಕ ನಗಲಿಲ್ಲ. "ಬರೆಯೋರು ಮೊದಲು ತಮ್ಮ ಹೆಸರು ಬರೀಬೇಕು. ಅದರ ಮೇಲೆ ದೊರೆ ಹೆಸರು. ಬರೆದೋರೆಲ್ಲ ನಮ್ಮ ಮನೆಯೋರೇ. ಯಾರ್ಯಾರು ಅಂತ ಮಾತ್ರ ನಮಗ್ಯಾರಿಗೂ ನೆನಪಿಲ್ಲ."

ಅವನು ಚಹಾ ಕಾಯಿಸಲು ಅಂಗಳಕ್ಕೆ ಹೋದದ್ದೇ ತಡ, ಸಲ್ಕಾ ಚಿಮುಟ ಹಿಡಿದಳು. ಕೆಟ್ಟ ಕಾಗದ ಒಳ್ಳೆಯ ಹಾಳೆಗೆ ಕಲೆ ಹಚ್ಚುತ್ತದೆ, ಅದನ್ನು ಬೇರ್ಪಡಿಸಬೇಕು ಎಂಬುದು ಅವಳ ವಿದ್ಯೆಯ ಮೊದಲ ಪಾಠ. ಸಂಜೆಯೊಳಗೆ ಚೀಟಿಗಳೆಲ್ಲ ಒಂದು ಲಕೋಟೆ ಸೇರಿದವು. ಓದಿದವರ ತಪ್ಪುಗಳೂ ಬಹಳ ಅಚ್ಚುಕಟ್ಟು.

ಮರುದಿನ ಬೆಳಿಗ್ಗೆ ಮರಳುಗಾಳಿ ಎದ್ದಿತು. ಬಾಗಿಲು ಹಾಕಿದರೆ ಕೋಣೆಯೊಳಗೆ ಹಗಲೂ ಕತ್ತಲೆ. ಮೇಕೆ ಚರ್ಮದ ರಟ್ಟಿನ ವಾಸನೆಯ ಜೊತೆ ಇನ್ನೊಂದು ವಾಸನೆಯಿತ್ತು, ಒದ್ದೆ ಮಣ್ಣಿನದು. ಮಳೆ ಕಂಡು ಮೂರು ವರ್ಷವಾದ ಊರಿನಲ್ಲಿ ಒದ್ದೆ ಮಣ್ಣು! ಸಲ್ಕಾ ದೀಪ ಹಚ್ಚಿ ಲಕೋಟೆ ಬಿಚ್ಚಿದಳು. ಒಳಗೆ ಬರೀ ಪುಡಿ.

ಚರ ಚರ. ಚರ ಚರ.

ಸದ್ದು ಬರುತ್ತಿದ್ದದ್ದು ಊರಿನ ಜನನದ ಪುಸ್ತಕದಿಂದ. ಹುಟ್ಟಿದ ಪ್ರತಿ ಮಗುವನ್ನೂ ಅದರಲ್ಲಿ ಬರೆಯುವುದು ಊರ ಪದ್ಧತಿ. ತೆರೆದಳು. ಗೆದ್ದಲು. ಖಾಲಿ ಹಾಳೆ ಮುಟ್ಟಿರಲಿಲ್ಲ, ಅಂಚು ಮುಟ್ಟಿರಲಿಲ್ಲ. ಹೆಸರುಗಳನ್ನಷ್ಟೇ ತಿನ್ನುತ್ತಿದ್ದವು, ಸಾಲು ತಪ್ಪದೆ, ಬಲದಿಂದ ಎಡಕ್ಕೆ, ಅರಬ್ಬಿ ಓದುವವರ ಹಾಗೆ.

ಅವಳ ಕಣ್ಣೆದುರೇ 'ಬೂಬಕ್ಕರ್' ಎಂಬ ಹೆಸರು ಹೋಯಿತು. ಬೀದಿಯಲ್ಲಿ ಹೆಂಗಸೊಬ್ಬಳು ಕಿರುಚಿಕೊಂಡಳು.

ಸಿದಾತಿ ತಾತ ಬಾಗಿಲು ತಳ್ಳಿಕೊಂಡು ಬಂದ. "ರೊಟ್ಟಿ ಸುಡೋ ಬೂಬಕ್ಕರ್... ನಿಂತಲ್ಲೇ ಬಿದ್ದು ಸತ್ತ." ಅವನ ಕಣ್ಣು ಪುಡಿ ತುಂಬಿದ ಲಕೋಟೆಯ ಮೇಲೆ ಬಿತ್ತು. "ಅಯ್ಯೋ ಪಾಪಿ! ತೆಗೆದೇಬಿಟ್ಟೆಯಾ?"

ಸಲ್ಕಾ ಬಟ್ಟೆಯಿಂದ ಒರೆಸಿದಳು. ಊದಿದಳು. ಬೆರಳಿನಿಂದ ಹೊಸಕಿದಳು. ಒಂದು ಸತ್ತರೆ ಹತ್ತು ಬಂದವು. ಹುಳಗಳು ಎದುರು ಪುಟದ ಮೊದಲ ಸಾಲಿನತ್ತ ತಿರುಗಿದವು: ಮರ್ಯಮಾ ಮಿಂತ್ ಬಾಬಾ, ಅಂದರೆ ಬಾಬಾನ ಮಗಳು ಮರ್ಯಮಾ. ಅವಳ ಅಮ್ಮ. ದಿನಾ ಮಧ್ಯಾಹ್ನ ರಾಜಧಾನಿಯಿಂದ ಫೋನ್ ಮಾಡಿ, "ಊಟ ಆಯ್ತಾ ಸಲ್ಕಾ?" ಎಂದು ಕೇಳುವ ಅಮ್ಮ.

"ತಾತ, ಮಸಿ ಕೊಡು!"

"ಮಗಳೇ, ಬೇಡ. ನಾನು ಬರೀತೀನಿ..." ಅವನು ಲೇಖನಿ ಎತ್ತಿದ. ಮುದಿ ಬೆರಳಲ್ಲಿ ಅದು ನಿಲ್ಲಲಿಲ್ಲ. ಮಸಿ ಚೆಲ್ಲಿತು, ಅಕ್ಷರ ಮೂಡಲಿಲ್ಲ.

'ಮ' ಹೋಯಿತು. ದೂರದ ಊರಿನಲ್ಲಿ ಅಮ್ಮನ ಎದೆ ಹಿಡಿದುಕೊಂಡಿರಬಹುದು. ಸಲ್ಕಾ ಲೇಖನಿ ಕಸಿದಳು. ಹರಕು ಕಾಗದ. ತನ್ನ ಹೆಸರು ಬರೆದಳು. ಅದರ ಮೇಲೆ ಹುಳಗಳ ದೊರೆಯ ಹೆಸರು. ಹಾಳೆಗಳ ನಡುವೆ ತುರುಕಿದಳು.

ಚರ ಚರ ನಿಂತಿತು. ಹುಳಗಳು ಸಾಲುಗಟ್ಟಿ ಗೋಡೆಯೊಳಗೆ ಇಳಿದುಹೋದವು.

ಅಮ್ಮನ ಹೆಸರು ಉಳಿದಿತ್ತು, ಮೊದಲ ಅಕ್ಷರ ಮುಕ್ಕಾಗಿದ್ದರೂ ಉಳಿದಿತ್ತು. ಅದರ ಕೆಳಗೆ 'ಮಗಳು ಸಲ್ಕಾ' ಎಂದು ಬರೆದಿದ್ದ ಜಾಗ, ಹುಳ ಮುಟ್ಟದಿದ್ದರೂ, ಬೆಳ್ಳಗಿತ್ತು.

ಸಿದಾತಿ ತಾತ ಮಸಿಯ ಕೈ ಒರೆಸಿಕೊಳ್ಳುತ್ತ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಯಾರಮ್ಮ ನೀನು? ಒಳಗೆ ಹೇಗೆ ಬಂದೆ?"

ಮಧ್ಯಾಹ್ನವಾಯಿತು. ಫೋನ್ ಬರಲಿಲ್ಲ. ಅವಳೇ ಮಾಡಿದಳು.

"ಅಮ್ಮಾ..."

"ಯಾರಮ್ಮ? ತಪ್ಪು ನಂಬರ್ ಇರಬೇಕು. ನನಗೆ ಮಕ್ಕಳೇ ಇಲ್ಲ." ಆದರೂ ಆ ಕಡೆಯವಳು ಫೋನ್ ಇಡಲಿಲ್ಲ. "ಯಾಕೆ ಅಳ್ತಿದ್ದೀ ತಾಯಿ? ಊಟ ಆಯ್ತಾ?"