ಎಂಟು ಹೆಜ್ಜೆ ಹಿಂದೆ

2024ರ ಜನವರಿ 17, ಬೆಳಿಗ್ಗೆ 9.40. ಕೊಲ್ಲಿ ನಾಡಿನ ಇಬ್ರಿಯ ಪೊಲೀಸ್ ಠಾಣೆಗೆ ಆಸ್ಪತ್ರೆಯಿಂದ ಫೋನ್ ಬಂತು. ಖರ್ಜೂರದ ತೋಟದ ಕೆಲಸಗಾರ, ಉಳ್ಳಾಲದ ಮಮ್ಮದ್‌ನ ಭುಜಕ್ಕೆ ರೈಫಲ್ ಗುಂಡು ತಗುಲಿತ್ತು. ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಹಮೂದ್ ಎಂಬ ಎಪ್ಪತ್ತರ ಮುದುಕ ತಾನಾಗಿ ಬಂದು, ಓಡುವ ಜಿಂಕೆಗೆ ಹೊಡೆದೆ, ತಪ್ಪಿತು ಎಂದ. ಜಿಂಕೆ ಬೇಟೆಯೇ ಅಪರಾಧ, ಅದರ ಮೇಲೆ ಮನುಷ್ಯನಿಗೆ ಗಾಯ.

ಸಂಜೆಯೊಳಗೆ ಕಡತ ಮುಚ್ಚುತ್ತದೆಂದು ಠಾಣೆಯ ದುಭಾಷಿ, ಶಿರ್ವದ ಡೆಸ್ಮಂಡ್ ನಂಬಿದ್ದ. ಎಲ್ಲಿ ಮುಚ್ಚುತ್ತದೆ? ಇನ್ಸ್‌ಪೆಕ್ಟರ್ ನಾಸಿರ್ ಒಂದೇ ಪ್ರಶ್ನೆಯನ್ನು ಮೂರು ದಿನದಲ್ಲಿ ನಾಲ್ಕು ಸಲ ಕೇಳಿಸಿದ.

“ಗುಂಡು ಬಿದ್ದಾಗ ಜಿಂಕೆ ಎಲ್ಲಿತ್ತು?”

“ನನ್ನ ಮುಂದಿಂದ ಪಾಸಾಗಿ ಎಂಟು ಹೆಜ್ಜೆ ಹೋಗಿತ್ತು ಮಾರ್ರೆ,” ಎಂದ ಮಮ್ಮದ್. “ಎಷ್ಟು ಸಲ ಹೇಳುದು?”

ನಾಸಿರ್ ಗೊಣಗಿದ. “ನಾನೂರು ಮೀಟರ್ ದೂರದಲ್ಲಿ ಓಡುವ ಜಿಂಕೆಗೆ ಅದರ ಮುಂದೆ ಗುರಿ ಇಡಬೇಕು. ಜಿಂಕೆಗೇ ಗುರಿ ಇಟ್ಟರೆ ಗುಂಡು ಮುಟ್ಟುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ. ನಲವತ್ತು ವರ್ಷದ ಬೇಟೆಗಾರ ಈ ತಪ್ಪು ಮಾಡುತ್ತಾನೆಯೇ?”

ಹಮೂದ್‌ನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬೇಟೆಯಲ್ಲಿ ಜೊತೆಗಿದ್ದ ಡ್ರೈವರ್, ಕಾರ್ಕಳದ ಲತೇಶ್, ಹನ್ನೊಂದು ವರ್ಷದಿಂದ ಅವನ ಮನೆಯಲ್ಲಿದ್ದವನು, ಅವನನ್ನು ಬಾಬಾ ಎಂದೇ ಕರೆಯುವವನು. “ಬಾಬಾ ಹೇಳಿದ್ದೇ ಸರ್,” ಎಂಬುದರ ಆಚೆ ಅವನು ಒಂದಕ್ಷರ ಬಿಡಲಿಲ್ಲ. ಡೆಸ್ಮಂಡ್‌ಗೆ ತಲೆ ಚಿಟ್ಟು ಹಿಡಿದಿತ್ತು.

ಜನವರಿ 20, ಬೆಳಿಗ್ಗೆ 11. ಸ್ಥಳ ಮಹಜರು. ನಾನೂರು ಮೀಟರ್ ಆಚೆ ಒಬ್ಬ ಕಾನ್‌ಸ್ಟೇಬಲ್ ಕೆಂಪು ಬಾವುಟ ಹಿಡಿದು ನಿಂತ.

“ಅವನು ಯಾವ ಕಡೆಗೆ ನಡೆಯುತ್ತಿದ್ದಾನೆ?” ನಾಸಿರ್ ಕೇಳಿದ.

ಹಮೂದ್ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. “ಎಡಕ್ಕೆ.”

ಕಾನ್‌ಸ್ಟೇಬಲ್ ನಿಂತಲ್ಲಿಂದ ಕದಲಿರಲಿಲ್ಲ. ಲತೇಶ್ ಮುಂದೆ ಬಂದ.

“ಸಾಕು ಸರ್. ಹೊಡೆದದ್ದು ನಾನು.”

“ಎಲ್ಲಿಗೆ ಗುರಿ ಇಟ್ಟದ್ದು?” ಡೆಸ್ಮಂಡ್ ಕೇಳಿದ.

“ಜಿಂಕೆಯ ಎದೆಗೆ. ಮತ್ತೆಲ್ಲಿಗೆ ಇಡುದು?”

ನಾಸಿರ್ ತಲೆಯಾಡಿಸಿದ. 11.25ಕ್ಕೆ ಲತೇಶ್‌ನ ಬಂಧನ. ಬೇಟೆಯ ಮೊಕದ್ದಮೆ ಹಮೂದ್‌ನ ಮೇಲೂ ಬಿತ್ತು.

ಠಾಣೆಯಲ್ಲಿ ಹೇಳಿಕೆ ಬರೆಯಬೇಕಿತ್ತು. ಹಮೂದ್ ಎದುರಿಗೇ ಕುಳಿತಿದ್ದ.

“ಯಾಕೆ ಹೊಡೆದೆ?” ಡೆಸ್ಮಂಡ್ ಲತೇಶ್‌ನನ್ನು ಕೇಳಿದ.

“ಬಾಬಾನಿಗೆ ಎರಡು ವರ್ಷದಿಂದ ದೂರದ್ದು ಕಾಣುದಿಲ್ಲ ಸರ್. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೊನ್ನೆಯೂ ಜಿಂಕೆ ಎಲ್ಲಿ, ಎಲ್ಲಿ ಅಂತ ನನ್ನನ್ನೇ ಕೇಳಿದ್ರು. ಆಚೆ ಮಮ್ಮದ್ ಇದ್ದದ್ದು ನಾನೂ ನೋಡ್ಲಿಲ್ಲ. ಒಂದು ಬಿದ್ರೆ ಅವರು ಹೊಡೆದದ್ದು ಅಂತ ಹೇಳ್ಬಹುದಿತ್ತು. ಬರೀ ಕೈಲಿ ಬರ್ತಾರೆ ಅಂತ ಗೆಳೆಯರು ನಗಾಡುದು ನಿಲ್ತಿತ್ತು.”

ಡೆಸ್ಮಂಡ್ ಅದನ್ನು ಅರಬ್ಬಿಗೆ ತಂದ. ಮುದುಕನ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಹಮೂದ್ ಮೇಜಿನ ಮೇಲೆ ಬಾಗಿ ಅವನ ಪೆನ್ನಿನ ಕೈ ಹಿಡಿದುಕೊಂಡ.

“ಮಗನೇ, ಅಪರಾಧವನ್ನು ನನ್ನ ಹೆಸರಿಗೆ ಬರೆ. ಎಷ್ಟು ವರ್ಷವಾದರೂ ಜೈಲಿಗೆ ಹೋಗುತ್ತೇನೆ. ಕಣ್ಣಿನ ಮಾತು ಬರೆಯಬೇಡ.”

ಕಣ್ಣಿನ ಆ ಒಂದು ಸಾಲು ಬಿಟ್ಟರೆ ನ್ಯಾಯಾಧೀಶರ ಮುಂದೆ ಲತೇಶ್‌ನ ಪರವಾಗಿ ಬೇರೇನೂ ಇರಲಿಲ್ಲ. ಡೆಸ್ಮಂಡ್ ಮುದುಕನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಅದನ್ನೂ ಬರೆದ.